ಎರವಲಕ್ಕ ತೆರೆದಿಟ್ಟ ಹಿಂದಿನ ಕೋಣೆ

ಬೀದಿದೀಪಗಳು ಇನ್ನೂ ಆರಿಲ್ಲ. ಶಾಲೆಯ ಹಿಂಬದಿಯ ಕೋಣೆಯಲ್ಲಿ ಮಾತ್ರ ನೆಲ ಒರೆಸುವ ಸದ್ದು. ಮಂಡಿಯೂರಿ ಒರೆಸುತ್ತಿರುವ ಹಿರಿಯ ಹೆಂಗಸೊಬ್ಬರು ಆಗಾಗ ತಲೆಯೆತ್ತಿ ಗೇಟಿನ ಕಡೆ ನೋಡುತ್ತಾರೆ. ಕಿಟಕಿಯ ಪಕ್ಕ ಮೂರು ತೊಟ್ಟಿಲುಗಳಿವೆ. ಎರಡಕ್ಕೆ ದಿನಾ ಬರುವ ಪುಟಾಣಿಗಳಿದ್ದಾರೆ. ಮೂರನೆಯದು ಖಾಲಿ. ಅದಕ್ಕೂ ಒಗೆದ ಹೊದಿಕೆ ಹಾಸಿಟ್ಟಿದ್ದಾರೆ.

ಹೆಸರು ಹೇಳಿ ಕೇಳಿದರೆ ಈ ಓಣಿಯಲ್ಲಿ ಅವರ ಮನೆ ಸಿಗುವುದು ಕಷ್ಟ. ಎಲ್ಲರ ಬಾಯಲ್ಲೂ ಅವರು 'ಎರವಲಕ್ಕ'. ಶಾಲೆಗೂ ಸುತ್ತಲಿನ ಮನೆಗಳಿಗೂ ನಡುವೆ ಓಡಾಡುವುದೇ ಅವರ ಕೆಲಸ. ಯಾವುದಾದರೂ ಮಗು ಶಾಲೆಗೆ ಬರುವುದು ನಿಲ್ಲಿಸಿದರೆ ಹೋಗಿ ಬಾಗಿಲು ತಟ್ಟುತ್ತಾರೆ. 'ಯಾಕೆ ಕಳಿಸಲಿಲ್ಲ' ಎಂದು ಮಾತ್ರ ಕೇಳುವುದಿಲ್ಲ. ಒಂದು ಸೂಜಿ ಕೇಳುತ್ತಾರೆ, ಜರಡಿ ಕೇಳುತ್ತಾರೆ, ಅರ್ಧ ಲೋಟ ಸಕ್ಕರೆ ಕೇಳುತ್ತಾರೆ.

"ಇಸ್ಕೊಂಡ ಮೇಲೆ ವಾಪಸ್ ಕೊಡೋಕೆ ಇನ್ನೊಂದು ಸಲ ಹೋಗ್ಲೇಬೇಕಲ್ಲ!" ಎಂದು ನಗುತ್ತಾರೆ. "ಮೊದಲ್ನೇ ಸಲ ಬಾಗಿಲಲ್ಲೇ ಮಾತು. ಎರಡನೇ ಸಲ ಅಡುಗೆಮನೇಲಿ."

ಅವರ ಗಂಡ ಬಸ್ ಓಡಿಸಿ ನಿವೃತ್ತರಾದವರು, ಛೇಡಿಸುವುದರಲ್ಲಿ ಎತ್ತಿದ ಕೈ. "ಮನೇಲಿ ಏನೂ ಇಲ್ದಾಗ ಇವಳು ಯಾರ ಹತ್ರಾನೂ ಒಂದು ಕಡ್ಡಿ ಕೇಳಿದವಳಲ್ಲ. ಈಗ ಡಬ್ಬಿ ತುಂಬಾ ಸಕ್ಕರೆ ಇದೆ, ಊರೆಲ್ಲಾ ಕೇಳ್ಕೊಂಡು ಓಡಾಡ್ತಾಳೆ ನೋಡಿ!"

"ನೀವು ಸುಮ್ನಿರಿ ಸಾಕು," ಎಂದು ಗದರುವ ಎರವಲಕ್ಕ ತಾವೇ ಮುಂದುವರಿಸುತ್ತಾರೆ. "ಮಗಳು ಚಿಕ್ಕವಳಿದ್ದಾಗ ನಮ್ಮನೆಗೂ ಒಬ್ರು ದಾನ ಕೊಡೋಕೆ ಅಂತ ಹಳೇ ಬಟ್ಟೆ ಚೀಲ ಹಿಡ್ಕೊಂಡು ಬಂದಿದ್ರು. ಅಕ್ಕಪಕ್ಕದವರೆಲ್ಲ ಇಣುಕ್ತಾ ಇದ್ರು. ಬೇಡ ಅಂತ ಬಾಗಿಲು ಹಾಕಿ, ಒಳಗೆ ಒಬ್ಬಳೇ ಅತ್ತುಬಿಟ್ಟೆ. ಅವರು ಒಂದು ಲೋಟ ನೀರು ಕೇಳಿದ್ರೂ ಸಾಕಿತ್ತು, ಒಳಗೆ ಕರೀತಿದ್ದೆ."

ಹಳೆಯ ಬೆಂಚುಗಳು ತುಂಬಿದ್ದ ಈ ಕೋಣೆಯನ್ನು ಹೆಡ್ಮೇಷ್ಟ್ರ ಬೆನ್ನು ಬಿದ್ದು ಖಾಲಿ ಮಾಡಿಸಿದವರೂ ಅವರೇ. ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಿದ್ದ ದೊಡ್ಡ ಮಕ್ಕಳು ಈಗ ಕೂಸುಗಳನ್ನು ಇಲ್ಲಿ ಬಿಟ್ಟು ತರಗತಿಗೆ ಹೋಗಬಹುದು. ಬೇಕರಿಯವರು ಬ್ರೆಡ್ ಕೊಡುತ್ತಾರೆ. ಟೈಲರ್ ತುಂಡು ಬಟ್ಟೆಗಳಲ್ಲಿ ಹೊದಿಕೆ ಹೊಲಿದಿದ್ದಾರೆ. ಓಣಿಯ ಅಜ್ಜಿಯರು ಸರದಿಯ ಮೇಲೆ ಬಂದು ತೊಟ್ಟಿಲು ತೂಗುತ್ತಾರೆ, ಯಾರ ಲಾಲಿಗೆ ಮಗು ಬೇಗ ಮಲಗಿತು ಎಂದು ಜಗಳವನ್ನೂ ಆಡುತ್ತಾರೆ.

ಮೂರನೆಯ ತೊಟ್ಟಿಲು ಕಾಯುತ್ತಿರುವುದು ಹತ್ತನೇ ತರಗತಿಯ ಹುಡುಗಿಯೊಬ್ಬಳ ತಮ್ಮನಿಗಾಗಿ. ಅವಳ ತಾಯಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ರಾತ್ರಿಪಾಳಿ. ಹಗಲು ತಾಯಿ ಮಲಗಿದಾಗ ಕೂಸು ಹುಡುಗಿಯ ಕಂಕುಳಲ್ಲಿ. ಹಾಜರಿ ಕಡಿಮೆಯಾಗಿದೆ. ಈ ವಾರವೂ ಬಾರದಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ. ಎರವಲಕ್ಕ ಆ ಮನೆಯಿಂದ ಸೂಜಿ ಇಸ್ಕೊಂಡು ತಿರುಗಿ ಕೊಟ್ಟಿದ್ದಾರೆ, ಜರಡಿಯನ್ನೂ ಕೊಟ್ಟಿದ್ದಾರೆ. ಅಡುಗೆಮನೆಯಲ್ಲಿ ಕೂತು ಈ ಕೋಣೆಯ ಸುದ್ದಿಯನ್ನೂ ಹೇಳಿದ್ದಾರೆ. ಆ ತಾಯಿ "ನೋಡೋಣ" ಎಂದಷ್ಟೇ ಅಂದದ್ದು.

"ಬಲವಂತ ಮಾಡಿದ್ರೆ ಬಾಗಿಲು ಮುಚ್ಕೊಳ್ಳತ್ತೆ. ನನಗೆ ಗೊತ್ತಲ್ಲ," ಎನ್ನುತ್ತಾ ಎರವಲಕ್ಕ ಬಕೆಟ್ ಎತ್ತುತ್ತಾರೆ.

ಶಾಲೆಯ ಬೆಲ್ ಹೊಡೆಯಲು ಇನ್ನು ಸ್ವಲ್ಪವೇ ಹೊತ್ತಿದೆ ಎನ್ನುವಾಗ ಗೇಟು ಕಿರ್ರೆನ್ನುತ್ತದೆ. ರಾತ್ರಿಪಾಳಿ ಮುಗಿಸಿದ ಕೆಂಗಣ್ಣಿನ ತಾಯಿ. ಸೊಂಟದ ಮೇಲೆ ಕೂಸು. ಅವಳ ಬೆನ್ನ ಹಿಂದೆ ಶಾಲೆಯ ಚೀಲ ಹೊತ್ತ ಹುಡುಗಿ, ತಲೆ ತಗ್ಗಿಸಿಕೊಂಡು.

ತಾಯಿ ಹೊಸ್ತಿಲ ಆಚೆಯೇ ನಿಲ್ಲುತ್ತಾಳೆ. "ಅಕ್ಕಾ, ಸಂಜೆ ತನಕ ಒಂದು ತೊಟ್ಟಿಲು ಎರವಲು ಸಿಗತ್ತಾ?"

"ಸಿಗದೇ ಏನಮ್ಮಾ? ನಿಮ್ಮನೆ ಜರಡಿ ನಾನು ವಾರಗಟ್ಟಲೆ ಇಟ್ಕೊಂಡಿರ್ಲಿಲ್ವಾ!"

ತಾಯಿ ನಗುತ್ತಾಳೆ, ಒಳಗೆ ಕಾಲಿಡುತ್ತಾಳೆ. ಕೂಸು ಎರವಲಕ್ಕನ ಕೈಗೆ ಬರುತ್ತದೆ. ಹುಡುಗಿ ತಮ್ಮನ ಕೆನ್ನೆ ಮುಟ್ಟಿ ತರಗತಿಯ ಕಡೆ ಓಡುತ್ತಾಳೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಎರವಲಕ್ಕ ತೊಟ್ಟಿಲು ತೂಗುತ್ತಲೇ ಯೋಚಿಸುತ್ತಾರೆ.

"ಇನ್ನೊಂದು ತೊಟ್ಟಿಲು ಬೇಕಿತ್ತು. ಯಾರ ಮನೆ ಅಟ್ಟದ ಮೇಲಾದ್ರೂ ಇರತ್ತೆ ಬಿಡಿ. ಕೇಳ್ತೀನಿ. ನಂಗೇನು, ಕೇಳೋಕೆ ನಾಚಿಕೆಯಾ?"