ಡಿ ಡ್ರೈವ್‌ನಲ್ಲಿ ನಾದಿನಿಯ ಲಿನಕ್ಸ್

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಹಾಲಿನವನು ಪ್ಯಾಕೆಟ್ ಇಟ್ಟು ಬೆಲ್ ಮಾಡದೆ ಹೋದರೆ, ಇವತ್ತಿನ ಹಾಲು ಖಂಡಿತ ಒಡೆಯುತ್ತದೆ ಎಂದು ತೀರ್ಮಾನಿಸುವವಳು ನಾನು. ಅದಕ್ಕೆ ತಕ್ಕ ಕೆಲಸವೂ ಸಿಕ್ಕಿತ್ತು. ಬಸವೇಶ್ವರನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಸುತ್ತಲಿನ ಮೂರ್ನಾಲ್ಕು ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದೆ. ಒಂದು ಪ್ರಶ್ನೆ ಆಚೆ ಹೋದರೂ ನನ್ನ ಕಥೆ ಮುಗಿದಂತೆ. ಹಾಗಾಗಿ ಕಂಪ್ಯೂಟರಿಗೆ ಪಾಸ್‌ವರ್ಡ್, ಕೋಣೆಗೆ ಬೀಗ. ಗಂಡನೂ ಕೇಳಿಯೇ ಮೌಸ್ ಮುಟ್ಟಬೇಕಿತ್ತು.

ಈ ಕೋಟೆಯಲ್ಲಿ ಪಾಲು ಕೇಳಿಕೊಂಡು ಬಂದವಳು ನಮ್ಮ ಜೊತೆಯಲ್ಲೇ ಇದ್ದ ನನ್ನ ನಾದಿನಿ. ಅವಳು ಹಗಲು ವಿಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುತ್ತಿದ್ದಳು, ಸಂಜೆ ಕಾಲೇಜಿಗೆ ಹೋಗುತ್ತಿದ್ದಳು. ಕೊನೆಯ ಸೆಮಿಸ್ಟರಿಗೆ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು: ಎರಡು ಸ್ಟಾಪಿನ ಹೆಸರು ಕೊಟ್ಟರೆ ಯಾವ ಬಸ್ಸು ಹತ್ತಿ ಎಲ್ಲಿ ಬದಲಾಯಿಸಬೇಕೆಂದು ಹೇಳುವ ಪ್ರೋಗ್ರಾಂ. ಅದನ್ನು ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲೇ ಮಾಡಬೇಕೆಂದು ಅವಳ ಮೇಷ್ಟ್ರ ಹಟ. ದಸರಾ ರಜೆ ಮುಗಿದ ಸೋಮವಾರ ತೋರಿಸಬೇಕು. ತಪ್ಪಿದರೆ ಇನ್ನಾರು ತಿಂಗಳು ಅದೇ ಟೋಕನ್ ಕಿಟಕಿ.

"ಲಿನಕ್ಸೂ ಬೇಡ, ಗಿನಕ್ಸೂ ಬೇಡ" ಎಂದೆ ನಾನು. ಅದನ್ನು ಹಾಕಲು ಹಾರ್ಡ್ ಡಿಸ್ಕನ್ನು ಪಾಲು ಮಾಡಬೇಕು, ಅದಕ್ಕೆ ಪಾರ್ಟಿಷನ್ ಎನ್ನುತ್ತಾರೆ ಎಂದು ಕೇಳಿದ್ದೆ. ಹಿಂದೊಮ್ಮೆ ರಿಪೇರಿಗೆ ಬಂದವನೊಬ್ಬ ಹಾರ್ಡ್ ಡಿಸ್ಕಿನ ಪಾರ್ಟಿಷನ್ ಸರಿಮಾಡುತ್ತೇನೆಂದು ನನ್ನ ಡಿ ಡ್ರೈವನ್ನೇ ಗುಡಿಸಿ ಹಾಕಿದ್ದ. ಎರಡು ವರ್ಷದ ಪ್ರಶ್ನೆಪತ್ರಿಕೆಗಳು ಹೋಗಿದ್ದವು. ಪಾರ್ಟಿಷನ್ ಎಂಬ ಮಾತು ಕೇಳಿದರೇ ನನಗೆ ಮೈ ಉರಿಯುತ್ತಿತ್ತು.

"ಪಾರ್ಟಿಷನ್ ಮುಟ್ಟೋದೇ ಇಲ್ಲ ಅತ್ತಿಗೆ" ಎಂದಳು ಅವಳು, ಮೇಷ್ಟ್ರು ಕೊಟ್ಟಿದ್ದ ಸಿ.ಡಿ. ಹಿಡಿದುಕೊಂಡು. "ಬೇರೆ ಪ್ರೋಗ್ರಾಂ ಹಾಕೋ ಥರಾನೇ ವಿಂಡೋಸ್ ಒಳಗಿಂದಾನೇ ಹಾಕೋದು. ಡಿ ಡ್ರೈವಲ್ಲಿ ಒಂದು ಮೂಲೆ ಕೊಡಿ ಸಾಕು. ಬೇಡ ಅನ್ಸಿದ್ರೆ ತೆಗೆದುಬಿಡೋಣ."

ಇಷ್ಟು ಸುಲಭವಾದದ್ದರಲ್ಲಿ ಏನೋ ಇದೆ ಎನಿಸಿತು. ಆದರೂ ಗಂಡನ ಮುಖ ನೋಡಿ ಒಪ್ಪಿದೆ. ಸಿ.ಡಿ. ತಿರುಗುವಷ್ಟು ಹೊತ್ತೂ ಪಕ್ಕದಲ್ಲೇ ನಿಂತಿದ್ದೆ. ಮುಗಿದ ಮೇಲೆ ನನ್ನ ಫೈಲುಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದೆ. ಎಲ್ಲವೂ ಸರಿಯಾಗಿತ್ತು. ಅದೂ ನನಗೆ ಸಮಾಧಾನ ಕೊಡಲಿಲ್ಲ.

ಅಂದಿನಿಂದ ಕಂಪ್ಯೂಟರ್ ಹಾಕಿದಾಗಲೆಲ್ಲ ಕಪ್ಪು ಪರದೆಯ ಮೇಲೆ ಎರಡು ಸಾಲು ಬಂದು, ವಿಂಡೋಸೋ ಲಿನಕ್ಸೋ ಎಂದು ಕೇಳುತ್ತಿತ್ತು. ನನ್ನ ಮನೆಗೆ ನಾನು ಹೋಗಲು ಯಾರೋ ಬಾಗಿಲಲ್ಲಿ ನಿಂತು ವಿಚಾರಿಸಿದ ಹಾಗೆ. ಅವಳು ಎರಡನೆಯ ಸಾಲು ಒತ್ತಿ ಒಳಗೆ ಹೋದರೆ ಬೇರೆಯದೇ ಬಣ್ಣ, ಬೇರೆಯದೇ ಮೆನು. ಒಂದು ಭಾನುವಾರ ಕಾಫಿ ಕೊಡಲು ಹೋದವಳು ಪರದೆ ನೋಡಿ ನಿಂತುಬಿಟ್ಟೆ. ಅವಳ ಲಿನಕ್ಸ್ ಒಳಗೆ ನನ್ನ ಡಿ ಡ್ರೈವ್ ತೆರೆದುಕೊಂಡಿತ್ತು. 'ಏಳನೇ ತರಗತಿ ಗಣಿತ' ಎಂದು ನಾನೇ ಹೆಸರಿಟ್ಟ ಫೋಲ್ಡರ್ ಅಲ್ಲಿ ಕಾಣುತ್ತಿತ್ತು. ಆ ಲಿನಕ್ಸ್ ನನ್ನ ಪಾಸ್‌ವರ್ಡ್ ಕೇಳುವ ಗೋಜಿಗೂ ಹೋಗಿರಲಿಲ್ಲ.

"ಇದು ಹೇಗೆ ಬಂತು ಇಲ್ಲಿ?" ಎಂದೆ.

"ಇಲ್ಲಿಂದ ಅದು ಕಾಣುತ್ತೆ ಅತ್ತಿಗೆ. ಅಲ್ಲಿಂದ ಇದು ಕಾಣಲ್ಲ ಅಷ್ಟೇ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಅವಳು ನನ್ನದೆಲ್ಲ ನೋಡಬಹುದು, ನಾನು ಅವಳದೇನೂ ನೋಡುವಂತಿಲ್ಲ ಎಂದರೆ ಇದೆಂಥ ನ್ಯಾಯ? ಅವಳ ಗೆಳತಿಯೊಬ್ಬಳು ಇದೇ ಶಾಲೆಗಳ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದಳು. ಮರುದಿನದಿಂದ ಆ ಗೆಳತಿ ಫೋನ್ ಮಾಡಿದರೆ ನಾನು ಅಡುಗೆಮನೆಯಲ್ಲಿ ಮಿಕ್ಸಿ ನಿಲ್ಲಿಸಿ ಕಿವಿಗೊಡುತ್ತಿದ್ದೆ. ನನಗೆ ನಾಚಿಕೆಯೂ ಆಗುತ್ತಿರಲಿಲ್ಲ.

ಆಯುಧಪೂಜೆಗೆ ಮುಂಚಿನ ದಿನ ಕಂಪ್ಯೂಟರ್ ತೊಳೆಯುವುದು ನನ್ನ ಪದ್ಧತಿ. ಹೊರಗೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗೂ ಕಸವಿರಬಾರದೆಂದು ಬೇಡದ ಫೈಲುಗಳನ್ನು ಅಳಿಸುತ್ತಿದ್ದೆ. ಪೂಜೆಗೆ ಇಡುವ ಆಯುಧ ಒಳಗೂ ಹೊರಗೂ ಚೊಕ್ಕಟವಾಗಿರಬೇಕು. ಆ ವರ್ಷ ಡಿ ಡ್ರೈವ್ ಗುಡಿಸುವಾಗ ನಾನು ಮಾಡದ ಒಂದು ಫೋಲ್ಡರ್ ಸಿಕ್ಕಿತು. ಅದರೊಳಗೆ ಇನ್ನೊಂದು. ಅದರೊಳಗೆ ಐದು ಜಿ.ಬಿ.ಯ ದಪ್ಪನೆಯ ಒಂದು ಫೈಲ್. ಕ್ಲಿಕ್ ಮಾಡಿದರೆ ತೆರೆಯಲಿಲ್ಲ. ತಾರೀಖು ಮಾತ್ರ ನಿನ್ನೆಯದು.

ನಾದಿನಿ ನನ್ನ ಪ್ರಶ್ನೆಪತ್ರಿಕೆಗಳನ್ನೆಲ್ಲ ದಿನವೂ ಒಂದೊಂದಾಗಿ ಇದರೊಳಗೆ ತುಂಬಿ ಕಟ್ಟುತ್ತಿದ್ದಾಳೆ, ಸಂಶಯವೇ ಇಲ್ಲ. ಕೇಳಿದರೆ ಏನಾದರೊಂದು ಕಂಪ್ಯೂಟರ್ ಭಾಷೆಯಲ್ಲಿ ಹೇಳಿ ನನ್ನ ಬಾಯಿ ಮುಚ್ಚಿಸುತ್ತಾಳೆ. ಕೇಳುವುದೇ ಬೇಡ ಎಂದುಕೊಂಡು ಡಿಲೀಟ್ ಒತ್ತಿದೆ. ರೀಸೈಕಲ್ ಬಿನ್‌ನಲ್ಲಿ ಇದು ಹಿಡಿಯುವುದಿಲ್ಲ, ಪೂರ್ತಿ ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಪೂರ್ತಿ ಅಳಿಸು ಎಂದೆ. ಖಾಲಿಯಾದ ಜಾಗಕ್ಕೆ ತಮ್ಮನ ಮದುವೆಯ ವಿಡಿಯೋ ಸಿ.ಡಿ.ಗಳನ್ನೆಲ್ಲ ಕಾಪಿ ಮಾಡಿ ತುಂಬಿಸಿದೆ. ಮರುದಿನ ಮಾನಿಟರಿಗೆ ಕುಂಕುಮ ಇಟ್ಟು, ಚೆಂಡುಹೂವು ಏರಿಸಿದೆ. ಪೂಜೆಗೆ ಇಟ್ಟದ್ದನ್ನು ಮುಟ್ಟುವಂತಿಲ್ಲವಲ್ಲ, ಎರಡು ದಿನ ಅದು ಹಾಗೇ ಕೂತಿತ್ತು.

ವಿಜಯದಶಮಿಯ ಮರುದಿನ ನಾದಿನಿ ಬಂದು ಎರಡನೆಯ ಸಾಲು ಒತ್ತಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದವೇ ಹೊರತು ಬಣ್ಣ ಬರಲಿಲ್ಲ. ಮತ್ತೆ ಮತ್ತೆ ಒತ್ತಿದಳು. ಕೊನೆಗೆ ನನ್ನ ಕೈಲಿ ಪಾಸ್‌ವರ್ಡ್ ಹಾಕಿಸಿ ವಿಂಡೋಸ್‌ಗೆ ಬಂದು ನನ್ನ ಡಿ ಡ್ರೈವ್ ತೆರೆದು, ಆ ಫೋಲ್ಡರ್ ಹುಡುಕಿ, ಕೈ ಮೌಸ್ ಮೇಲೆಯೇ ಇಟ್ಟು ಕೂತಳು.

"ಇಡೀ ಲಿನಕ್ಸ್ ಆ ಒಂದು ಫೈಲಲ್ಲಿತ್ತು ಅತ್ತಿಗೆ. ನನ್ನ ಪ್ರಾಜೆಕ್ಟೂ ಅದರಲ್ಲೇ ಇತ್ತು. ಮೂರು ತಿಂಗಳಿಂದ ಬರೆದದ್ದು. ವೈರಸ್ ಏನಾದ್ರೂ ಬಂತಾ?" ಎಂದು ಕೇಳಿದಳು.

ಮೇಷ್ಟ್ರಿಗೆ ಫೋನ್ ಮಾಡಿದಳು. ಆ ಫೈಲಿದ್ದ ಜಾಗಕ್ಕೆ ಬೇರೆ ಏನಾದರೂ ತುಂಬಿದ್ದರೆ ತಿರುಗಿ ಬರುವುದು ಕಷ್ಟ ಎಂದರಂತೆ. ನನಗೆ ತಮ್ಮನ ಮದುವೆಯ ವಿಡಿಯೋ ನೆನಪಾಯಿತು. ಭಯಕ್ಕೆ ನನಗೆ ಬರುವುದು ಸಿಟ್ಟೊಂದೇ. "ಇಷ್ಟು ಮುಖ್ಯವಾದದ್ದಕ್ಕೆ ಇನ್ನೊಂದು ಕಾಪಿ ಇಟ್ಕೋಬಾರ್ದಾ? ಅಷ್ಟೂ ಬುದ್ಧಿ ಬೇಡ್ವಾ?" ಎಂದು ರೇಗಿದೆ.

"ಕಾಲೇಜಲ್ಲಿ ಇಟ್ರೆ ಯಾರಾದ್ರೂ ಕದೀತಾರೆ ಅಂತ ಭಯ ಆಯ್ತು" ಎಂದಳು ಅವಳು. "ಇಲ್ಲಾದ್ರೆ ನೀವು ಒಂದು ಸೊಳ್ಳೇನೂ ಹತ್ರ ಬಿಡಲ್ವಲ್ಲ. ಇದಕ್ಕಿಂತ ಭದ್ರವಾದ ಜಾಗ ಎಲ್ಲಿದೆ ಅಂದ್ಕೊಂಡೆ."

ನಾನೇ ಅಳಿಸಿದೆ ಎಂದು ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಅವಳು ಬೈಯಲಿಲ್ಲ, ಅಳಲೂ ಇಲ್ಲ. "ಯಾಕೆ ಅತ್ತಿಗೆ?" ಎಂದಳು ಅಷ್ಟೇ.

ನೀನು ಕಳ್ಳಿ ಅಂದುಕೊಂಡೆ ಎನ್ನಲು ನನಗೆ ಬಾಯಿ ಬರಲಿಲ್ಲ. "ಜಾಗ ಸಾಲ್ತಿರಲಿಲ್ಲ ಕಣೇ" ಎಂದೆ. ಅದನ್ನೂ ಅವಳು ನಂಬಿದಳು.