ಸುನಂದಾ ಅವರ ಕಡೆಗಿಟ್ಟ ಬೂದಿ

ಆ ಬೆಂಕಿ ನಿಮ್ಮ ಮಗ ಹಚ್ಚಿದ್ದಲ್ಲ, ಸುನಂದಾ. ನನ್ನ ಫ್ಲಾಟಿನ ಬೂದಿಯಿಂದ ಹತ್ತಿದ್ದು. ನನಗದು ಅವತ್ತೇ ಗೊತ್ತಿತ್ತು — ನೀವು ಎಲ್ಲರೆದುರು ಚಿನ್ಮಯನನ್ನು ಕೇಳುವುದಕ್ಕೆ ಮೊದಲೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಬಾಯಿ ಮುಚ್ಚಿಕೊಂಡೆ ಅನ್ನುವುದೂ ಪೂರ್ತಿ ನಿಜವಲ್ಲ. ಒಂದು ಮಾತು ಆಡಿದೆ. ಆ ಒಂದು ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಪ್ರೀತಿಯಿಂದ ಬರೆಯುತ್ತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ನನಗೆ ಅಂದೂ ಇಷ್ಟವಿರಲಿಲ್ಲ, ಇಂದೂ ಇಲ್ಲ. ನಿಮ್ಮ ದನಿ ನೆನಪಾದರೆ ಈಗಲೂ ನನ್ನ ಹಲ್ಲು ಬಿಗಿಯುತ್ತದೆ. ಪಶ್ಚಾತ್ತಾಪವಾದರೆ ದ್ವೇಷ ಕರಗುತ್ತದೆ ಅನ್ನುತ್ತಾರೆ — ನನ್ನ ವಿಷಯದಲ್ಲಿ ಹಾಗೇನೂ ಆಗಲಿಲ್ಲ. ಎರಡೂ ಒಟ್ಟಿಗೇ ಇವೆ, ಒಂದೇ ಗೋಡೆಯ ಆಚೆ ಈಚೆ ಇರುವ ಎರಡು ಸಂಸಾರಗಳ ಹಾಗೆ.

ನಾವೂ ಹಾಗೇ ಇದ್ದವರಲ್ಲವೇ. ನೀವು ಸಿಡ್ನಿಯವರು, ನಾವು ಮೆಲ್ಬರ್ನಿನವರು. ಎರಡೂ ಕಡೆಯಿಂದ ಹೆಚ್ಚುಕಡಿಮೆ ಒಂದು ಹಗಲಿನ ದಾರಿಯಾಗುವ ಆ ಹಿಮದ ಊರಿನಲ್ಲಿ, ಒಂದೇ ಮರದ ಕಟ್ಟಡದಲ್ಲಿ ಅಕ್ಕಪಕ್ಕದ ಫ್ಲಾಟು ಕೊಂಡೆವು. ಪಕ್ಕದ ಮನೆಯವರು ಬೆಳಗಾವಿಯವರು ಎಂದು ಗೊತ್ತಾದಾಗ ನನ್ನ ಗಂಡ ಮೋಹನ ಎಷ್ಟು ಹಿಗ್ಗಿದ್ದ! ಹಿತ್ತಲಿನ ಡೆಕ್ಕು, ಅಂದರೆ ಆ ಮರದ ಜಗಲಿ, ಇಬ್ಬರಿಗೂ ಸೇರಿದ್ದು. ನಡುವೆ ಮೊಣಕಾಲೆತ್ತರದ ಒಂದು ಹಲಗೆ, ಅಷ್ಟೇ. ಮೊದಲ ಚಳಿಗಾಲ ಆ ಹಲಗೆಯ ಮೇಲಿಂದಲೇ ನಿಮ್ಮ ಮನೆಯ ಶೇಂಗಾ ಹೋಳಿಗೆ ನಮ್ಮ ಕಡೆ ಬಂತು. ಚೆನ್ನಾಗಿತ್ತು. ಅದನ್ನೂ ಹೇಳಿಬಿಡಬೇಕು — ಚೆನ್ನಾಗಿತ್ತು.

ಸ್ಕೀ ಸೀಸನ್ನಿನಲ್ಲಿ ಇಬ್ಬರೂ ಫ್ಲಾಟನ್ನು ವಾರಕ್ಕೊಮ್ಮೆ ಬದಲಾಗುವ ಅತಿಥಿಗಳಿಗೆ ಕೊಡುತ್ತಿದ್ದೆವು. ಆ ಬಾಡಿಗೆ ಇಲ್ಲದೆ ಮಾರ್ಟ್‌ಗೇಜ್ ಕಟ್ಟುವುದು ನಮ್ಮಿಂದಲೂ ಆಗುತ್ತಿರಲಿಲ್ಲ, ನಿಮ್ಮಿಂದಲೂ ಆಗುತ್ತಿರಲಿಲ್ಲ. ಆಮೇಲೆ ಕಟ್ಟಡದ ಮಾಲೀಕರ ಕಮಿಟಿ ನಿಯಮ ಬಿಗಿ ಮಾಡಿತು. ಗದ್ದಲವೋ ಹಾನಿಯೋ — ಒಂದು ಫ್ಲಾಟಿನ ಮೇಲೆ ದೂರು ಎರಡು ಸಲ ಸಾಬೀತಾದರೆ ಆ ಫ್ಲಾಟನ್ನು ವರ್ಷಗಟ್ಟಲೆ ಯಾವ ಅತಿಥಿಗೂ ಕೊಡುವಂತಿಲ್ಲ. ಬೆಂಕಿಯಂಥ ವಿಷಯಕ್ಕೆ ಒಂದೇ ಸಾಕು.

ನನ್ನ ಮೇಲಿನ ಮೊದಲ ದೂರು ಕೊಟ್ಟವರು ನೀವು. ನಮ್ಮ ಅತಿಥಿಗಳು ಕುಡಿದು ಕೂಗಾಡಿದ್ದು ನಿಜ. ಆದರೆ ನನಗೊಂದು ಫೋನ್ ಮಾಡಬಹುದಿತ್ತು ನೀವು. ಮಾಡಲಿಲ್ಲ. ನೇರವಾಗಿ ಕಮಿಟಿಗೆ ಹೋದಿರಿ. ಮುಂದಿನ ಸಲ ಡೆಕ್ಕಿನ ಮೇಲೆ ಸಿಕ್ಕಾಗ, ಮೋಹನನ ಆಫೀಸಿನ ಗೆಳೆಯರೆಲ್ಲ ನಿಂತಿರುವಾಗ, ನಗುತ್ತಾ ಅಂದಿರಿ — "ರೇವತಿ, ನೀವು ಮನಿ ತೊಗೊಂಡಿಲ್ಲ, ಛತ್ರ ತೊಗೊಂಡೀರಿ."

ಎಲ್ಲರೂ ನಕ್ಕರು. ಮೋಹನನೂ ನಕ್ಕ. ಮೈಸೂರಿನಲ್ಲಿ ನನ್ನ ತಂದೆ ಕೊನೆಯವರೆಗೂ ಬಾಡಿಗೆ ಮನೆಯಲ್ಲೇ ಇದ್ದವರು. ನಮ್ಮ ವಂಶದಲ್ಲಿ ಸ್ವಂತದ್ದು ಎಂದು ಎರಡು ಮನೆಯ ಬೀಗದ ಕೈ ಹಿಡಿದವಳು ನಾನೇ ಮೊದಲು — ನಿಮಗದು ಗೊತ್ತಿರಲಿಲ್ಲ, ಗೊತ್ತಿದ್ದಿದ್ದರೆ ಅಷ್ಟು ಹಗುರಾಗಿ ಅನ್ನುತ್ತಿರಲಿಲ್ಲವೇನೋ — ಇಲ್ಲ, ಅನ್ನುತ್ತಿದ್ದಿರಿ. ನಿಮ್ಮನ್ನು ಬಲ್ಲೆ.

ಆ ದೂರಿನಿಂದ ನಾನು ಹೆದರಿದ್ದೆ. ಹೆದರಿದವಳು ಜಾಗರೂಕಳಾಗಬೇಕಿತ್ತು, ಜಿಪುಣಳಾದೆ. ಫ್ಲಾಟು ಕೈತಪ್ಪುವ ಮೊದಲು ಸಿಕ್ಕಷ್ಟು ಉಳಿಸೋಣ ಎಂದು ಕ್ಲೀನ್ ಮಾಡುವ ಹೆಂಗಸನ್ನು ಬಿಡಿಸಿದೆ. ಅವಳ ಕೆಲಸವನ್ನು ಅತಿಥಿಗಳ ತಲೆಗೆ ಕಟ್ಟಿದೆ — ಹೋಗುವ ಮೊದಲು ಪಾತ್ರೆ ತೊಳೆಯಿರಿ, ಹಾಸಿಗೆ ತೆಗೆಯಿರಿ, ಅಗ್ಗಿಷ್ಟಿಕೆಯ ಬೂದಿ ಬಳಿದು ಹೊರಗಿಡಿ. ಬೂದಿಗೆಂದು ಕಬ್ಬಿಣದ ಡಬ್ಬಿ ಇಡಬೇಕು ಎಂದು ಬಿಲ್ಡಿಂಗಿನ ಮ್ಯಾನೇಜರ್ ಹೇಳಿದ್ದ. ನಾನು ಇಟ್ಟದ್ದು ಬಾತ್‌ರೂಮಿನ ಪ್ಲಾಸ್ಟಿಕ್ ಬಕೆಟ್ಟು.

ಆ ಭಾನುವಾರ ಬೆಳಿಗ್ಗೆ ನಮ್ಮ ಅತಿಥಿಗಳು, ಸಣ್ಣ ಮಕ್ಕಳಿದ್ದ ಒಂದು ಸಂಸಾರ, ದಾರಿಯಿಂದ ಫೋನ್ ಮಾಡಿದರು. ಒಳ್ಳೆಯ ಜನ. "ನೀವು ಹೇಳಿದ ಹಾಗೆಯೇ ಎಲ್ಲ ಮಾಡಿದ್ದೇವೆ, ಬೂದಿಯ ಬಕೆಟ್ಟು ಡೆಕ್ಕಿನ ಮೇಲಿದೆ, ನಿಮ್ಮ ಕಡೆ ಹಿಮ ತುಂಬಿತ್ತು, ಅದಕ್ಕೆ ಹಲಗೆಯ ಆಚೆ ಒಣಗಿದ್ದ ಜಾಗದಲ್ಲಿ ಇಟ್ಟೆವು" ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ಫೋನಿಟ್ಟ ಮೇಲೆ ಒಂದು ಕ್ಷಣ ಅನಿಸಿತು — ಬೂದಿ ತಣ್ಣಗಿತ್ತೋ ಇಲ್ಲವೋ. ಪಕ್ಕದ ನಿಮ್ಮ ಫ್ಲಾಟಿಗೆ ಚಿನ್ಮಯ ಗೆಳೆಯರೊಂದಿಗೆ ಬಂದಿದ್ದಾನೆಂದು ಗೊತ್ತಿತ್ತು. ನಿಮಗೊಂದು ಫೋನ್ ಮಾಡಿದ್ದರೆ ನೀವು ಅವನಿಗೆ ಹೇಳುತ್ತಿದ್ದಿರಿ, ಅವನು ಒಂದು ಚೊಂಬು ನೀರು ಸುರಿಯುತ್ತಿದ್ದ, ಮುಗಿಯುತ್ತಿತ್ತು. ಆದರೆ ನಿಮಗೆ ಫೋನ್ ಮಾಡುವುದೆಂದರೆ — ನನ್ನ ಬಕೆಟ್ಟು ನಿಮ್ಮ ಕಡೆ ಇದೆ ಎಂದು ನಿಮಗೆ ನಾನೇ ಹೇಳುವುದೆಂದರೆ — ಆಗಲಿಲ್ಲ. ಮೆಲ್ಬರ್ನಿನ ಅಂಚಿನ ವಿಂಡಮ್ ವೇಲ್‌ನ ನಮ್ಮ ಅಡುಗೆಮನೆಯಲ್ಲಿ ನಿಂತು ಹುಳಿಗೆ ಒಗ್ಗರಣೆ ಹಾಕಿದೆ.

ಮಧ್ಯಾಹ್ನ ಮ್ಯಾನೇಜರನ ಫೋನ್ ಬಂತು. ಡೆಕ್ಕು ಹತ್ತಿಕೊಂಡು ಮೇಲಿನ ಮಹಡಿಯ ಮೆಟ್ಟಿಲಿನವರೆಗೆ ಬೆಂಕಿ ಏರಿತ್ತಂತೆ. ಪಕ್ಕದ ಫ್ಲಾಟಿನ ಹುಡುಗರು ಪಾತ್ರೆಗಳಲ್ಲಿ ಹಿಮ ತುಂಬಿ ತುಂಬಿ ಎರಚಿ ಆರಿಸಿದರಂತೆ, ಇಲ್ಲದಿದ್ದರೆ ಕಟ್ಟಡವೇ ಉಳಿಯುತ್ತಿರಲಿಲ್ಲವಂತೆ. ಒಬ್ಬನ ಅಂಗೈ ಸುಟ್ಟಿದೆ ಎಂದ. ಆ ಒಬ್ಬ ನಿಮ್ಮ ಮಗ.

ಪ್ಲಾಸ್ಟಿಕ್ ಬಕೆಟ್ಟು ಉಳಿಯಲೇ ಇಲ್ಲ. ಉಳಿದದ್ದು ನಿಮ್ಮ ಕಡೆಯ ಕರಿಕಲು ಹಲಗೆ, ಹುಡುಗರ ಬಾರ್ಬೆಕ್ಯೂ ಒಲೆ, ಒಂದಷ್ಟು ಬಿಯರ್ ಬಾಟಲಿ, ಸುಟ್ಟ ಕೈ. ಕಟ್ಟಡ ಉಳಿಸಿದ ಕೈಯೇ ಕಮಿಟಿಯವರಿಗೆ ತಪ್ಪಿನ ಸಾಕ್ಷಿಯಾಗಿ ಕಂಡಿತು.

ಮೀಟಿಂಗ್ ವಿಡಿಯೋದಲ್ಲಿ ನಡೆಯಿತು. ನಾನು ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನ ನನ್ನ ಆಫೀಸಿನಲ್ಲಿ ಒಂದು ಸಣ್ಣ ಕೋಣೆ ಹಿಡಿದು ಕೂತಿದ್ದೆ. ನೀವು ಸಿಡ್ನಿಯ ಮನೆಯಲ್ಲಿ, ಪಕ್ಕದಲ್ಲಿ ಚಿನ್ಮಯ. ಕಮಿಟಿಯ ಅಧ್ಯಕ್ಷ ನನ್ನನ್ನು ಕೇಳಿದ, "ನಿಮ್ಮ ಅತಿಥಿಗಳ ವಿಷಯ ಏನು?" ಎಂದು. ನಾನು ಹೇಳಿದೆ — "ನಮ್ಮವರು ಬೆಳಿಗ್ಗೆಯೇ ಹೊರಟುಹೋಗಿದ್ದರು. ಆಮೇಲೆ ಅಲ್ಲಿದ್ದದ್ದು ಹುಡುಗರು ಮಾತ್ರ."

ಒಂದೊಂದು ಪದವೂ ನಿಜ. ಎಷ್ಟು ಜೋಡಿಸಿಕೊಂಡು ಹೋಗಿದ್ದೆ ನೋಡಿ. ಟ್ರ್ಯಾಮಿನಲ್ಲಿ ಬರುವಾಗ ಬಾಯಿಪಾಠ ಮಾಡಿಕೊಂಡಿದ್ದೆ.

ಆಗ ನೀವು ಮೈಕ್ ಆರಿಸುವುದನ್ನು ಮರೆತು ಮಗನ ಕಡೆ ತಿರುಗಿದಿರಿ. "ಖರೆ ಹೇಳು. ನೀನ ಹಚ್ಚಿದಿ ಹೌದಿಲ್ಲೊ?"

"ನೋ ಅಮ್ಮ. ಐ ಸ್ವೇರ್."

"ಸುಳ್ಳ ಹೇಳಬ್ಯಾಡ. ನಿನ್ನ ಮಾರಿ ನೋಡಿದ್ರನ ಗೊತ್ತಾಗ್ತದ."

ಕನ್ನಡ ಗೊತ್ತಿಲ್ಲದ ಅಷ್ಟೂ ಜನಕ್ಕೆ ಅದು ಅರ್ಥವಾಯಿತು. ಬ್ಯಾಂಡೇಜು ಸುತ್ತಿದ ಕೈಯನ್ನು ಅವನು ಮೇಜಿನ ಕೆಳಗೆ ಎಳೆದುಕೊಂಡ. ನಾನು ನೋಡಿದೆ. ಮತ್ತು — ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ — ನನಗೆ ಖುಷಿಯಾಯಿತು. ಅವನನ್ನು ನೋಡಿ ಅಲ್ಲ. ನಿಮ್ಮ ಮುಖ ಅಷ್ಟು ಜನರ ಮುಂದೆ ಸಣ್ಣದಾದದ್ದು ನೋಡಿ. ಛತ್ರ ಅಂದವಳಿಗೆ ಆಗಬೇಕಾದದ್ದೇ ಅಂದುಕೊಂಡೆ. ಹುಡುಗ ನನ್ನ ಲೆಕ್ಕದಲ್ಲೇ ಇರಲಿಲ್ಲ. ಅವನು ದಾರಿಯಲ್ಲಿದ್ದ ಒಂದು ವಸ್ತು, ಅಷ್ಟೇ.

ಅವನು ಬಾಡಿಗೆಗೆ ಬಂದವನಲ್ಲ, ನನ್ನ ಮಗ ಎಂದು ನೀವು ವಾದಿಸಿದಿರಿ. ಯಾರೇ ಆಗಲಿ ಹೊಣೆ ನಿಮ್ಮದೇ ಎಂದರು ಕಮಿಟಿಯವರು. ನಿಮ್ಮ ಫ್ಲಾಟಿಗೆ ನಿಷೇಧ ಬಿತ್ತು. ಬೇಸಿಗೆಯ ಹೊತ್ತಿಗೆ ಮಾರಿ ಹೋದಿರಿ. ನನ್ನ ಫ್ಲಾಟಿಗೆ ಅತಿಥಿಗಳು ಬರುತ್ತಲೇ ಇದ್ದರು. ಹೊಸ ಡೆಕ್ಕು ಬಂತು. ವರ್ಷಗಳು ಕಳೆದವು. ನಾನು ಚೆನ್ನಾಗಿ ನಿದ್ದೆ ಮಾಡಿದೆ, ಸುಳ್ಳೇಕೆ ಹೇಳಲಿ.

ಕಳೆದ ತಿಂಗಳು ನಮ್ಮ ಬೀದಿಯಲ್ಲಿ ಹುಬ್ಬಳ್ಳಿಯವರೊಬ್ಬರ ಗೃಹಪ್ರವೇಶ. ಊಟದ ಸಾಲಿನಲ್ಲಿ ನಿಂತಿದ್ದಾಗ ಗಡ್ಡ ಬಿಟ್ಟ ಹುಡುಗನೊಬ್ಬ ಬಂದು "ನಮಸ್ತೆ ಆಂಟಿ, ರಿಮೆಂಬರ್ ಮಿ?" ಅಂದ. ಚಿನ್ಮಯ. ಇಲ್ಲೇ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಓದುತ್ತಿದ್ದಾನೆ, ಮೂವರ ಜೊತೆ ಮನೆ ಹಂಚಿಕೊಂಡಿದ್ದಾನೆ. ಗೆಳೆಯನ ಮನೆಯ ಫಂಕ್ಷನ್ನಿಗೆ ಬಂದಿದ್ದ. ನನ್ನ ತಟ್ಟೆ ಹಿಡಿದುಕೊಂಡ, ಕೂರಲು ಕುರ್ಚಿ ತಂದ. ಆ ಡೆಕ್ಕು ರಿಪೇರಿಯಾಯಿತಾ ಎಂದು ಕೇಳಿದ. ಸಿಟ್ಟಿಲ್ಲದೆ ಕೇಳಿದ — ಅದೇ ನನ್ನನ್ನು ಕೆಡವಿದ್ದು.

ರೈಲು ಸ್ಟೇಷನ್ನಿಗೆ ಬಿಡುತ್ತೇನೆ ಎಂದು ಕಾರಿಗೆ ಹತ್ತಿಸಿಕೊಂಡೆ. ಏನಾದರೂ ಮಾತಾಡಬೇಕಲ್ಲ ಎಂದು, ಅಮ್ಮ ಹೇಗಿದ್ದಾರೆ ಎಂದೆ. "ಗೊತ್ತಿಲ್ಲ ಆಂಟಿ," ಎಂದ ಇಂಗ್ಲಿಷಿನಲ್ಲಿ. "ನಾವು ಮಾತಾಡಲ್ಲ." ಆ ಮೀಟಿಂಗ್ ಆದ ಮೇಲೆ ಮನೆಯಲ್ಲಿ ಏನೇ ಕೆಟ್ಟರೂ, ಏನೇ ಕಾಣೆಯಾದರೂ ನೀವು ಅವನ ಮುಖವನ್ನೇ ನೋಡುತ್ತಿದ್ದಿರಂತೆ. ಬಾಯಿಂದ ಏನೂ ಅನ್ನುತ್ತಿರಲಿಲ್ಲವಂತೆ, ನೋಡುತ್ತಿದ್ದಿರಂತೆ. ಅದಕ್ಕೇ ಬೇರೆ ಊರಿನ ಯೂನಿವರ್ಸಿಟಿ ಹುಡುಕಿಕೊಂಡನಂತೆ.

ಸ್ಟೇಷನ್ ಮುಂದೆ ಕಾರು ನಿಲ್ಲಿಸಿ ಎಲ್ಲ ಹೇಳಿದೆ. ಬಕೆಟ್ಟು, ದಾರಿಯಿಂದ ಬಂದ ಫೋನು, ಬಾಯಿಪಾಠ ಮಾಡಿಕೊಂಡ ಮಾತು. ಅವನು ಕೂಗಾಡಲಿ ಎಂದು ಕಾದೆ. ಅವನು ಸೀಟ್ ಬೆಲ್ಟ್ ಬಿಚ್ಚಿದ.

"ಅಮ್ಮನಿಗೆ ಹೇಳ್ತೀನಿ," ಎಂದೆ.

"ಹೇಳಿ. ನೀವು ಹೇಳಿದರೆ ನಂಬ್ತಾಳೆ. ಬೇರೆಯವರು ಹೇಳಿದ್ದನ್ನ ಅವಳು ಯಾವಾಗಲೂ ನಂಬ್ತಾಳೆ."

ಬಾಗಿಲು ಮೆಲ್ಲಗೆ ಹಾಕಿ ಹೋದ. ಹಿಂದೆ ತಿರುಗಲಿಲ್ಲ.

ಕಮಿಟಿಯ ಮುಂದೆ ಮೊನ್ನೆ ಎಲ್ಲ ಒಪ್ಪಿಕೊಂಡೆ. ನನ್ನ ಫ್ಲಾಟಿಗೂ ನಿಷೇಧ ಬೀಳುತ್ತದೆ, ಬೀಳಲಿ. ಅದನ್ನು ಶಿಕ್ಷೆ ಎಂದುಕೊಂಡು ನಾನು ಹಗುರಾಗುವುದಿಲ್ಲ. ಅಲ್ಲಿ ಕೇಳಿಸಿಕೊಂಡವರಿಗೆ ಅದು ಹಳೆಯ ಸುದ್ದಿ. ಕೇಳಿಸಿಕೊಳ್ಳಬೇಕಾದ ಒಬ್ಬರು, ನೀವು, ಆ ಪರದೆಯ ಮೇಲೆ ಇರಲಿಲ್ಲ.

ಅವನನ್ನು ನಂಬದಿದ್ದದ್ದು ನಿಮ್ಮ ತಪ್ಪು ಎಂದು ಬರೆಯಲು ಎಷ್ಟು ಆಸೆಯಿದೆ ಗೊತ್ತೇ. ಮೂರು ಸಲ ಬರೆದು ಅಳಿಸಿದೆ. ನೀವು ಹೇಗೂ ಕಠಿಣ ಹೆಂಗಸು, ಬೆಂಕಿಯಲ್ಲದಿದ್ದರೆ ಇನ್ನೊಂದಕ್ಕೆ ಅವನನ್ನು ಕಳೆದುಕೊಳ್ಳುತ್ತಿದ್ದಿರಿ ಎಂದು — ಇಲ್ಲ. ನಿಮ್ಮ ಸಿಟ್ಟಿನ ಕೈಗೆ ಆಯುಧ ಕೊಟ್ಟವಳು ನಾನು. ತಿಳಿದೇ ಕೊಟ್ಟೆ. ಕ್ಷಮೆ ಕೇಳುವ ಮುಖ ನನಗಿಲ್ಲ, ನೀವು ಕ್ಷಮಿಸುವವರೂ ಅಲ್ಲ.

ಇದನ್ನು ಓದಿದ ಕೂಡಲೇ ನೀವು ಫೋನ್ ಕೈಗೆತ್ತಿಕೊಳ್ಳುತ್ತೀರಿ, ನನ್ನನ್ನು ಬೈಯಲು. ಬೈಯಿರಿ, ಕೇಳಿಸಿಕೊಳ್ಳುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ. ಆದರೆ ಅದು ನಾಳೆಗಿರಲಿ. ಮೊದಲು ಅವನಿಗೆ ಮಾಡಿ. ಎತ್ತುವುದಿಲ್ಲ. ಮತ್ತೆ ಮಾಡಿ.