ಉಡಿಗೆ ಬಿದ್ದ ಕಾಲುಚೀಲ

ರೇಡಿಯೇಟರ್ ಮೇಲೆ ಒಂದು ಜೊತೆ ಕಾಲುಚೀಲ ಒಣಗುತ್ತಿದೆ. ಹಳದಿ ಉಣ್ಣೆಯದು, ಬೆರಳುದ್ದ. ಒದ್ದೆ ಉಣ್ಣೆ ಬಿಸಿಯಾದಾಗ ಬರುವ ವಾಸನೆ ನಿಮಗೆ ಗೊತ್ತಿದ್ದರೆ ಇಂಗ್ಲೆಂಡಿನ ಬೀಸ್ಟನ್ನಿನಲ್ಲಿರುವ ನಮ್ಮ ಮನೆಯನ್ನು ವರ್ಣಿಸಬೇಕಾಗಿಲ್ಲ. ಮಳೆಯಲ್ಲಿ ನೆನೆದ ಕುರಿಯನ್ನು ನಡುಮನೆಯಲ್ಲಿ ಕಟ್ಟಿದಂತಿದೆ. ಮನೆಯಲ್ಲಿರುವುದು ಅಣ್ಣ, ಅವನ ಹೆಂಡತಿ ವೈನಿ, ನಾನು. ಈ ಕಾಲುಚೀಲ ಹಿಡಿಸುವ ಕಾಲು ಇಲ್ಲಿ ಯಾರಿಗೂ ಇಲ್ಲ.

ನಾನು ವಾದ ಮಾಡುವವಳು. ಲಫ್‌ಬರೋದಲ್ಲಿ ಓದುವಾಗ ಚರ್ಚಾಕೂಟದಲ್ಲಿ ಚೀಟಿ ಎತ್ತಿ ಯಾವ ಪಕ್ಷ ಬಂದರೂ ಅದೇ ನನ್ನ ಹುಟ್ಟುನಂಬಿಕೆ ಎಂಬಂತೆ ಗುಡುಗುತ್ತಿದ್ದೆ. "ನಿನ್ನ ಲಗ್ನ ಆಗಾಂವಗ ಎರಡ ಕಿವಿ ಸಾಲೂದಿಲ್ಲ ನೋಡ" ಎಂದು ವೈನಿ ಕಾಡಿಸುತ್ತಿದ್ದಳು. ಒಮ್ಮೆ ಬಂದ ವಿಷಯ, ಗರ್ಭಪಾತದ ಕ್ಲಿನಿಕ್ಕುಗಳ ಸುತ್ತ ಪ್ರತಿಭಟನೆಯನ್ನು ನಿಷೇಧಿಸಬೇಕೇ ಎಂಬುದು. ನನ್ನ ಚೀಟಿಯಲ್ಲಿ 'ಬೇಡ' ಎಂದಿತ್ತು. ಬೀದಿ ಎಲ್ಲರದು, ಇವತ್ತು ಅವರ ಬಾಯಿಗೆ ಬಿದ್ದ ಬೀಗ ನಾಳೆ ನಿಮ್ಮ ಬಾಯಿಗೂ ಬೀಳುತ್ತದೆ ಎಂದೆಲ್ಲ ಹೇಳಿ ಗೆದ್ದೆ. ಆ ವಾದದಲ್ಲಿ ನನಗೆ ಈಗಲೂ ದೊಡ್ಡ ಬಿರುಕು ಕಾಣುವುದಿಲ್ಲ. ಕಂಡಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು.

ವೈನಿ ಬಸುರಿಯಾದಾಗ ಅವಳ ತಾಯಿ ನೀಲಮ್ಮತ್ತಿ ಗದಗಿನಿಂದ ಬಂದರು, ಕುಬಸ ಮಾಡುವುದಕ್ಕೆಂದೇ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬಿ ಹರಸುವ ಶಾಸ್ತ್ರ ಅದು. ಬಳೆ ಒಡೆಯಬಾರದೆಂದು ಅವುಗಳನ್ನು ತಮ್ಮ ಗಂಡನ ಧೋತರದಲ್ಲಿ ಸುತ್ತಿ, ವಿಮಾನದುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಅದೇ ವಾರ ಸ್ಕ್ಯಾನ್ ಆಯಿತು. ಮಗುವಿನ ತಲೆಬುರುಡೆ ಕೂಡಿರಲಿಲ್ಲ, ಹುಟ್ಟಿದರೂ ಉಳಿಯುವಂತಿರಲಿಲ್ಲ. ಅಣ್ಣ ಸ್ವತಃ ಡಾಕ್ಟರ್. ಯಾರೂ ಬಾಯಿ ಬಿಡುವ ಮೊದಲೇ ಪರದೆ ನೋಡಿ ಅವನಿಗೆ ತಿಳಿದಿತ್ತು. ತೆಗೆಸುವುದೆಂದು ವೈನಿಯೇ ನಿಶ್ಚಯಿಸಿದಳು. ಅತ್ತಿ ಒಂದು ದಿನವಿಡೀ ಅತ್ತರು. ಮರುದಿನ ಹಸಿರು ಸೀರೆಯನ್ನು ಸೂಟ್‌ಕೇಸಿನ ತಳಕ್ಕೆ ಹಾಕಿ, "ಒಂಬತ್ತ ತಿಂಗಳ ಹೊತ್ತು ಮಣ್ಣಿಗೆ ಕೊಡೂದಕಿಂತ ಈಗ ಹೋಗಲಿ ಬಿಡವಾ. ನನ್ನ ಮಗಳು ಉಳದ್ರ ಸಾಕು" ಎಂದರು.

ಕ್ಲಿನಿಕ್ಕಿಗೆ ಹೋಗುವ ದಿನ ಅಣ್ಣನಿಗೆ ಆಸ್ಪತ್ರೆಯ ಪಾಳಿ ತಪ್ಪಲಿಲ್ಲ. ಡ್ಯೂಟಿ ಮುಗಿಸಿ ಕಾರಿನಲ್ಲಿ ನೇರವಾಗಿ ಅಲ್ಲಿಗೇ ಬರುವವನಿದ್ದ. ನನ್ನ ಬಳಿ ಲೈಸೆನ್ಸ್ ಇಲ್ಲ. ಎಡಕ್ಕೆ ತಿರುಗಿಸು ಎಂದರೆ ಯಾಕೆ ಎಂದು ಕೇಳುವವಳಿಗೆ ಈ ದೇಶದಲ್ಲಿ ಲೈಸೆನ್ಸ್ ಕೊಡುವುದಿಲ್ಲ. ಹೀಗಾಗಿ ವೈನಿ, ಅತ್ತಿ, ನಾನು ಮೂವರೂ ಬಸ್ಸು ಹತ್ತಿದೆವು.

ಅಷ್ಟರಲ್ಲಿ ಅಲ್ಲಿನ ಕೌನ್ಸಿಲ್, ಎಂದರೆ ನಗರಸಭೆ, ಒಂದು ಆದೇಶ ಹೊರಡಿಸಿಯಾಗಿತ್ತು: ಕ್ಲಿನಿಕ್ಕಿನ ಸುತ್ತ ಯಾರೂ ಪ್ರತಿಭಟಿಸಬಾರದು, ಕರಪತ್ರ ಹಂಚಬಾರದು, ಒಳಗೆ ಹೋಗುವವರನ್ನು ತಡೆಯಬಾರದು. ದೀಪದ ಕಂಬಕ್ಕೆ ಫಲಕವನ್ನೂ ಕಟ್ಟಿದ್ದರು. ಆದರೆ ನಕಾಶೆಯ ಮೇಲೆ ಎಳೆದ ಗೆರೆ ಬಸ್ ಸ್ಟಾಪ್ ಮುಟ್ಟುವ ತುಸು ಮೊದಲೇ ನಿಂತುಬಿಟ್ಟಿತ್ತು. ಕಾರಿನಲ್ಲಿ ಬರುವವರು ನೆಮ್ಮದಿಯಾಗಿ ಒಳಗೆ ಹೋಗುತ್ತಿದ್ದರು. ಬಸ್ಸಿನಲ್ಲಿ ಬರುವವರಿಗಾಗಿ ಗೆರೆಯ ಆಚೆ ಜನ ಕಾಯುತ್ತಿದ್ದರು, ಕಾನೂನಿಗೆ ಕೂದಲೆಳೆಯಷ್ಟೂ ಭಂಗ ಬಾರದಂತೆ.

ಅಂದು ನಿಂತಿದ್ದವಳು ಒಬ್ಬಳೇ ಒಬ್ಬ ಮುದುಕಿ. ಬೆಳ್ಳಗಿನ ಕೂದಲು, ಕೈಯಲ್ಲಿ ಜಪಮಣಿ.

"ನೋಡವಾ, ಇಲ್ಲೂ ಹಿರ‍್ಯಾರು ದವಾಖಾನಿ ಮುಂದ ಜಪಾ ಮಾಡ್ತಾರ. ಛಲೋ ಆತು" ಎಂದರು ಅತ್ತಿ.

ಮುದುಕಿ ವೈನಿಯ ಹೊಟ್ಟೆಯನ್ನು ನೋಡಿದಳು. ಹತ್ತಿರ ಬಂದು ಎರಡೂ ಕೈಯಲ್ಲಿ ಈ ಕಾಲುಚೀಲ ಹಿಡಿದು, "ಫಾರ್ ಯುವರ್ ಬೇಬಿ, ಲವ್" ಎಂದಳು. ವೈನಿಯ ಕೈ ಮೇಲೇಳಲಿಲ್ಲ. ನೀಲಮ್ಮತ್ತಿಗೆ ತಿಳಿದದ್ದು 'ಬೇಬಿ' ಎಂಬ ಒಂದೇ ಮಾತು. ಹಿರಿಯ ಹೆಣ್ಣುಮಗಳೊಬ್ಬಳು ಬಸುರಿಯ ಹೆಸರಿನಲ್ಲಿ ಏನಾದರೂ ಕೊಟ್ಟರೆ ನಮ್ಮ ಕಡೆ ಕೈಯಲ್ಲಿ ಇಸಿದುಕೊಳ್ಳುವುದಿಲ್ಲ. ಅತ್ತಿ ಕೋಟಿನ ಗುಂಡಿ ಬಿಚ್ಚಿ, ಒಳಗಿನಿಂದ ಸೆರಗು ಎಳೆದು ಉಡಿ ಒಡ್ಡಿದರು. ಬಿದ್ದದ್ದನ್ನು ಕಣ್ಣಿಗೊತ್ತಿಕೊಂಡು, "ನಿಮ್ಮ ಹರಕೀಲೆ ನನ್ನ ಮಗಳು ಆರಾಮ ಆಗಲಿ ತಾಯಿ" ಎಂದರು.

ಮುದುಕಿಯ ಕಣ್ಣು ತುಂಬಿತು. ತಾನೊಂದು ಜೀವ ಉಳಿಸಿದೆ ಎಂದುಕೊಂಡಿರಬೇಕು.

"ಅವ್ವಾ, ಅದನ್ನ ವಾಪಸ್ ಕೊಡು" ಎಂದಳು ವೈನಿ.

"ಹುಚ್ಚಿ, ಉಡ್ಯಾಗ ಬಿದ್ದದ್ದನ್ನ ಯಾರರ ವಾಪಸ್ ಕೊಡ್ತಾರೇನ?"

"ಒಳಗ ಹೋಗಬ್ಯಾಡ ಅನ್ನಾಕತ್ತಾಳ ಅವ್ವಾ ಆಕಿ. ಕೂಸಿನ್ನ ಕೊಲ್ಲಬ್ಯಾಡ ಅನ್ನಾಕತ್ತಾಳ."

ಅತ್ತಿಯ ಕೈ ಸೆರಗಿನಲ್ಲೇ ನಿಂತಿತು. ಮುದುಕಿ ಕೂಗಿದ್ದರೆ ನಾನೂ ಕೂಗುತ್ತಿದ್ದೆ, ವಾದಕ್ಕೆ ನಿಂತಿದ್ದರೆ ಹರಿದು ಹಾಕುತ್ತಿದ್ದೆ. ಆಕೆ ಬರೀ ಕೊಟ್ಟಳು. ಒಳಗೆ ಕಾಯುತ್ತ ಕೂತಾಗ ವೈನಿ ತಾಯಿಯ ಕಡೆ ತಿರುಗಿ ನೋಡಲಿಲ್ಲ.

ಆಮೇಲೆ ನಾನು ಕೌನ್ಸಿಲ್‌ಗೆ ಹೋದೆ. ಅಲ್ಲಿನ ಅಧಿಕಾರಿ ಬಹಳ ಸಭ್ಯ ಮನುಷ್ಯ, ಚಹಾ ಕೊಡಿಸಿದ. ಬಸ್ ಸ್ಟಾಪನ್ನೂ ಗೆರೆಯೊಳಗೆ ತನ್ನಿ ಎಂದೆ. ಬೀದಿ ಎಲ್ಲರದು, ನಿಷೇಧ ಅಗತ್ಯಕ್ಕಿಂತ ಒಂದು ಹೆಜ್ಜೆಯೂ ದೊಡ್ಡದಾಗಬಾರದು ಎಂದ. ನನ್ನದೇ ವಾಕ್ಯಗಳು, ನನಗಿಂತ ಒಳ್ಳೆಯ ಉಚ್ಚಾರದಲ್ಲಿ. ಚಹಾ ಕುಡಿದು ಎದ್ದು ಬಂದೆ. ಕಡೆಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂತು. ವೃತ್ತ ದೊಡ್ಡದಾಗಿ ಬಸ್ ಸ್ಟಾಪೂ ಒಳಗೆ ಸೇರಿತು. ಹೇಳಿದ ವೇಳೆಗೆ ಬಂತು ಎಂದು ಯಾರೂ ಅದನ್ನು ಹೊಗಳಲಾರರು.

ಕಾಲುಚೀಲ ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು. ಉಡಿಗೆ ಬಿದ್ದದ್ದನ್ನು ಎಸೆಯುವಂತಿಲ್ಲ. ಗದಗಿನಿಂದ ಫೋನ್ ಬಂದಾಗಲೆಲ್ಲ ಅತ್ತಿ ದನಿ ತಗ್ಗಿಸಿ, "ಅದನ್ನ ಕಸಕ್ಕ ಒಗದಿಲ್ಲಲಾ?" ಎಂದು ನನ್ನನ್ನು ಕೇಳುತ್ತಾರೆ, ವೈನಿಯನ್ನು ಕೇಳುವ ಧೈರ್ಯ ಅವರಿಗಿಲ್ಲ. ಈಗ ವೈನಿಗೆ ಮತ್ತೆ ತಿಂಗಳು ನಿಂತಿದೆ. ನಿನ್ನೆ ಅದನ್ನು ತಂದು ನನ್ನ ಮುಂದಿಟ್ಟಳು: "ಈ ಕೂಸು ಬರೂದ್ರಾಗ ಇದು ಮನ್ಯಾಗ ಇರಬಾರದು. ಕೊಟ್ಟಾಕಿಗೇ ಕೊಟ್ಟು ಬಾ. ಕೊಟ್ರ ಕಸಕ್ಕ ಒಗದಂಗ ಆಗೂದಿಲ್ಲ."

ಕಾನೂನು ಬಂದರೂ ಆಕೆ ಹತ್ತಿರದಲ್ಲೆಲ್ಲೋ ನಿಂತಿರಬಹುದೆಂದು ಇವತ್ತು ಹೋದೆ. ಬಸ್ಸಿನಲ್ಲಿ ಕೂತು ಮುದುಕಿಗೆ ಹೇಳಬೇಕಾದ್ದನ್ನೆಲ್ಲ ಜೋಡಿಸಿಕೊಂಡೆ. ನನ್ನ ಜೀವಮಾನದ ಉತ್ತಮ ಭಾಷಣ ಅದು. ಇಳಿದರೆ ಯಾರೂ ಇಲ್ಲ. ಮಳೆ, ಫಲಕ, ಖಾಲಿ ಬೆಂಚು. ನನ್ನ ಹಿಂದೆಯೇ ಇಳಿದ ಹುಡುಗಿಯೊಬ್ಬಳು ತಲೆಯ ಮೇಲೆ ಟೊಪ್ಪಿಗೆ ಎಳೆದುಕೊಂಡು ನೆಟ್ಟಗೆ ಗೇಟಿನೊಳಗೆ ನಡೆದಳು. ಯಾರೂ ಅವಳಿಗೆ ಏನನ್ನೂ ಕೊಡಲಿಲ್ಲ. ಕಾಲುಚೀಲವನ್ನು ಬೆಂಚಿನ ಮೇಲಿಟ್ಟು ರಸ್ತೆ ದಾಟಿದೆ. ಅಷ್ಟರಲ್ಲಿ ಮುಂದಿನ ಬಸ್ಸು ಬರುವುದು ಕಾಣಿಸಿತು. ಇಳಿಯುವವರ ಕಣ್ಣಿಗೆ ಮೊದಲು ಬೀಳುವುದು ಅದೇ. ವೃತ್ತದ ಒಳಗೆ ಅದನ್ನು ತಂದಿಟ್ಟವಳು ಈ ಸಲ ನಾನು. ಓಡಿಹೋಗಿ ಎತ್ತಿಕೊಂಡೆ, ಅದೂ ನೆನೆದಿತ್ತು, ನಾನೂ ನೆನೆದೆ.

ವೈನಿ ಈಗಷ್ಟೇ ಕೆಲಸದಿಂದ ಬಂದಳು. ಕೋಟು ಬಿಚ್ಚದೆ ರೇಡಿಯೇಟರ್ ಮುಂದೆ ನಿಂತಿದ್ದಾಳೆ. ನಾನು ಕಾರಣ ಹೇಳಲು ಬಾಯಿ ತೆರೆದೆ. ಅವಳು ಕೇಳಲಿಲ್ಲ. ಒಂದೊಂದಾಗಿ ಎರಡನ್ನೂ ಮಗುಚಿ ಹಾಕಿದಳು.

"ಈ ಕಡೆ ಇನ್ನೂ ಹಸಿ ಐತಿ."